ನಳಿಕೆಯೊಳಗಿನ ಉಪ್ಪು

ಬರ್ಮಿಂಗ್‌ಹ್ಯಾಂನ ಬಿಎಸ್‌ಎ ಕಾರ್ಖಾನೆ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ತಯಾರಿಸಿದ ಪಾಯಿಂಟ್ ಟೂಟೂ (.22) ರೈಫಲ್‌ಗಳು ಬ್ರಿಟನ್ನಿನ ಹವ್ಯಾಸಿಗಳ ಮನೆಯ ಕಾರ್ಯಾಗಾರಗಳಿಗೆ ಇಂದಿಗೂ ದುರಸ್ತಿಗೆ ಬರುತ್ತವೆ. ಬೋಯರ್ ಯುದ್ಧದ ಅನುಭವದಿಂದ ಎಚ್ಚೆತ್ತು, ಜನಸಾಮಾನ್ಯರಿಗೂ ಗುರಿ ಹೊಡೆಯುವುದನ್ನು ಕಲಿಸಬೇಕೆಂದು ಹುಟ್ಟಿಕೊಂಡ ಕ್ಲಬ್‌ಗಳು ಇವುಗಳಿಗೆ ಮುಖ್ಯ ಗಿರಾಕಿಗಳಾಗಿದ್ದವು. ಇವು ರಿಮ್‌ಫೈರ್ ವರ್ಗದ ಕೋವಿಗಳು. ಅಂದರೆ ಕಿಡಿ ಹೊತ್ತಿಸುವ ಮದ್ದು ತೋಟಾದ ತಳದ ನಡುವೆ ಇರದೆ, ತಳದ ಸುತ್ತಲಿನ ಟೊಳ್ಳು ಅಂಚಿನಲ್ಲಿ ಅಡಗಿರುತ್ತದೆ, ಟ್ರಿಗರ್ ಎಳೆದಾಗ ಕೋವಿಯ ಪಿನ್ನು ಆ ಅಂಚನ್ನೇ ಜಜ್ಜುತ್ತದೆ. ತೋಟಾ ಇಲ್ಲದೆ ಬರಿದೇ ಟ್ರಿಗರ್ ಎಳೆದಾಗ ಹಲವು ಹಳೆಯ ಮಾದರಿಗಳಲ್ಲಿ ಪಿನ್ನು ನಳಿಕೆಯ ಹಿಂಬಾಯಿಗೆ ಬಡಿದು, ಅಲ್ಲಿನ ಉಕ್ಕು ಒಳಕ್ಕೆ ಮಡಿದು ಸಣ್ಣ ಮುಳ್ಳಿನಂತೆ ಏಳುತ್ತದೆ. ಅದನ್ನು ಅರದಿಂದ ಉಜ್ಜಿ ತೆಗೆದರೆ ತೋಟಾಕ್ಕಿರುವ ಆಸರೆಯೇ ಹೋಗುವುದರಿಂದ, ಪಳಗಿದ ಕುಶಲಕರ್ಮಿಗಳು ಮಡಿದ ಲೋಹವನ್ನು ಒತ್ತಿ ಮೊದಲಿನ ಜಾಗಕ್ಕೆ ತರುತ್ತಾರೆ.

ಆದರೆ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿದಾಗ ಕಾಣುವ ಕಪ್ಪು ಗುಳಿಗಳ ಕಥೆ ಇದಕ್ಕಿಂತ ಹೆಚ್ಚು ಸೋಜಿಗದ್ದು. ಹಳೆಯ ತೋಟಾಗಳ ಕಿಡಿಮದ್ದಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಉರಿದು ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪಾಗುತ್ತಿತ್ತು. ಅಡುಗೆ ಉಪ್ಪಿನಂತೆಯೇ ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುವ ಈ ಉಪ್ಪು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಕರಿಮದ್ದಿನ ಕಾಲದವರು ಮಸಿ ತೊಳೆಯಲು ಹೇಗಿದ್ದರೂ ನೀರನ್ನೇ ಬಳಸುತ್ತಿದ್ದರು, ಉಪ್ಪೂ ಅದರೊಂದಿಗೆ ತೊಳೆದುಹೋಗುತ್ತಿತ್ತು. ಹೊಗೆರಹಿತ ಮದ್ದು ಬಂದ ಮೇಲೆ ಮಸಿ ಕಡಿಮೆಯಾಯಿತು, ಎಣ್ಣೆ ಒರೆಸಿದರೆ ಸಾಕೆಂಬ ನಂಬಿಕೆ ಬೆಳೆಯಿತು, ಎಣ್ಣೆಯ ಪದರದ ಕೆಳಗೇ ತುಕ್ಕು ಹಬ್ಬಿತು, ದೂರು ಮಾತ್ರ ಹೊಸ ಮದ್ದಿನ ಮೇಲೆ ಬಿತ್ತು. ಅಮೆರಿಕದ ಗಣಿ ಬ್ಯೂರೋದ ವಿಲ್ಬರ್ಟ್ ಹಫ್ 1922ರಲ್ಲಿ ಪ್ರಕಟಿಸಿದ ಅಧ್ಯಯನ ಈ ಉಪ್ಪನ್ನೇ ಅಪರಾಧಿಯೆಂದು ತೋರಿಸಿತು. ಬಿಸಿನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ ಸವರಿದ್ದರೆ ಎಷ್ಟೋ ಒಳ್ಳೆಯ ನಳಿಕೆಗಳು ಉಳಿಯುತ್ತಿದ್ದವು ಎಂಬುದು ನಿಜಕ್ಕೂ ಸಂಕಟದ ಸಂಗತಿ.

ಹೀಗೆ ಕೆಟ್ಟ ನಳಿಕೆಯನ್ನು ಅಗಲವಾಗಿ ಕೊರೆದು, ಸುರುಳಿ ಗೀರುಗಳಿರುವ ಹೊಸ ಕೊಳವೆಯನ್ನು ಒಳಗೆ ಬೆಸೆಯುವ ವಿಧಾನವನ್ನು ಬರ್ಮಿಂಗ್‌ಹ್ಯಾಂನದೇ ಪಾರ್ಕರ್-ಹೇಲ್ ಸಂಸ್ಥೆ ‘ಪಾರ್ಕರೈಫ್ಲಿಂಗ್’ ಎಂಬ ಹೆಸರಿನಲ್ಲಿ ಜನಪ್ರಿಯಗೊಳಿಸಿತು. ಹಳೆಯ ರೈಫಲ್‌ಗೆ ಮಾಡಬಹುದಾದ ಮಾರ್ಪಾಡುಗಳಲ್ಲಿ ಗೌರವಕ್ಕೆ ಅರ್ಹವಾದದ್ದು ಇದೊಂದೇ ಎನ್ನಬೇಕು, ಏಕೆಂದರೆ ಹೊರರೂಪವನ್ನು ಮುಟ್ಟದೆ ಇದು ಕೋವಿಗೆ ಕಸುವು ತುಂಬುತ್ತದೆ. ಹಿಡಿಯ ಮರವನ್ನು ಕೆತ್ತಿ ತೆಗೆಯುವುದು, ಮುದ್ರೆಗಳು ಅಳಿಸುವಂತೆ ಹೊಳಪು ಕೊಡುವುದು ಇವೆಲ್ಲ ಇತಿಹಾಸವನ್ನು ಉಜ್ಜಿ ಹಾಕುವ ಕೆಲಸಗಳು.

ಭಾರತದಲ್ಲಿ ಇಂಥ ಹವ್ಯಾಸಕ್ಕೆ ಕಾನೂನಿನ ಗಡಿಯಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕಿನ ದುರಸ್ತಿಗೂ ಮಾರ್ಪಾಡಿಗೂ ಪ್ರತ್ಯೇಕ ಪರವಾನಗಿ ಬೇಕು. ಆದ್ದರಿಂದ ಹಿರಿಯರ ಕಾಲದ ರೈಫಲ್ ಮನೆಯಲ್ಲಿ ಉಳಿದಿರುವವರು ಅದನ್ನು ಪರವಾನಗಿ ಪಡೆದ ರಿಪೇರಿಗಾರರಿಗೇ ಒಪ್ಪಿಸಬೇಕು.