ಊರವರೇ ನಡೆಸುವ ಹಿಮದ ಗುಡ್ಡ

ಹಿಮದ ಮೇಲೆ ಜಾರುವ ಸ್ಕೀ ಆಟವೆಂದರೆ ಧನಿಕರ ವಿಲಾಸವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆಲ್ಪ್ಸ್ ಪರ್ವತದ ಬೆಳ್ಳಿಯ ಶಿಖರಗಳು, ವೈಭವದ ಹೋಟೆಲುಗಳು, ತಂತಿಯ ಮೇಲೆ ತೇಲುತ್ತ ಬೆಟ್ಟವೇರುವ ಆಸನಗಳು, ಬಣ್ಣಬಣ್ಣದ ಉಣ್ಣೆಯುಡುಪು ತೊಟ್ಟ ಪ್ರವಾಸಿಗಳು: ಚಲಚ್ಚಿತ್ರಗಳು ನಮಗೆ ಪರಿಚಯಿಸಿರುವ ನೋಟ ಇದು. ನೋಟವೇನೂ ಸುಳ್ಳಲ್ಲ. ಅಮೆರಿಕದ ದೊಡ್ಡ ಸ್ಕೀ ಕೇಂದ್ರಗಳಲ್ಲಿ ಜನಸಂದಣಿಯ ದಿನಗಳಂದು ಒಬ್ಬರ ಒಂದು ದಿನದ ಟಿಕೆಟ್ಟಿಗೇ 200 ಡಾಲರಿಗಿಂತ ಹೆಚ್ಚು ತೆರಬೇಕಾಗುತ್ತದೆ. ನಾಲ್ಕು ಜನರ ಸಾಧಾರಣ ಕುಟುಂಬವೊಂದು ಅಲ್ಲಿಗೆ ಹೋಗುವ ಮುನ್ನ ಎರಡು ಬಾರಿ ಯೋಚಿಸಬೇಕು.

ಆದರೆ ಅದೇ ಅಮೆರಿಕದ ಈಶಾನ್ಯ ಮೂಲೆಯಲ್ಲಿ, ವರ್ಮಾಂಟ್ ಎಂಬ ಪುಟ್ಟ ರಾಜ್ಯದ ಈಸ್ಟ್ ಕಾರಿಂತ್ ಎಂಬ ಹಳ್ಳಿಯಲ್ಲಿ, ಇದಕ್ಕೆ ತೀರ ಭಿನ್ನವಾದ ಗುಡ್ಡವೊಂದಿದೆ. ಅದರ ಹೆಸರು ನಾರ್ತ್ ಈಸ್ಟ್ ಸ್ಲೋಪ್ಸ್. 1936ರಲ್ಲಿ ಆರಂಭವಾದ ಈ ತಾಣದ ಇಳಿಜಾರಿನ ಎತ್ತರ ಸುಮಾರು 360 ಅಡಿ ಮಾತ್ರ. ಇಲ್ಲಿ ಲಾಭಕ್ಕಾಗಿ ವ್ಯಾಪಾರ ನಡೆಸುವ ಕಂಪನಿಯಿಲ್ಲ. ಕೃತಕವಾಗಿ ಹಿಮ ಸುರಿಸುವ ಯಂತ್ರವಿಲ್ಲ. ಆಕಾಶದಿಂದ ಹಿಮ ಬಿದ್ದರೆ ಆಟ, ಬೀಳದಿದ್ದರೆ ಬಿಡುವು. ಟಿಕೆಟ್ಟು ಕೊಡುವವರು, ಯಂತ್ರ ನೋಡಿಕೊಳ್ಳುವವರು, ಅಡಿಗೆ ಮಾಡುವವರು, ಬಿದ್ದವರನ್ನು ಎತ್ತುವವರು ಎಲ್ಲರೂ ಊರಿನವರು ಮತ್ತು ನೆರೆಯ ಹಳ್ಳಿಗಳವರು. ಅವರು ದುಡಿಯುವುದು ಸ್ವಯಂಸೇವಕರಾಗಿ.

ಮೋಟಾರು ಎಳೆದ ಹಗ್ಗ

ಇಂಥ ಗುಡ್ಡಗಳು ಹುಟ್ಟಿದ ಬಗೆ ಸ್ವಾರಸ್ಯಕರವಾಗಿದೆ. ಹಿಂದಿನ ಕಾಲದಲ್ಲಿ ಸ್ಕೀ ಆಡಬಯಸುವವನು ಉದ್ದನೆಯ ಜಾರುಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡೋ, ಹೆಗಲ ಮೇಲೆ ಹೊತ್ತೋ ಬೆಟ್ಟವನ್ನು ನಡೆದೇ ಏರಬೇಕಾಗಿತ್ತು. ಒಂದು ಗಂಟೆ ಏರಿದರೆ ಜಾರುವ ಸುಖ ಕೆಲವೇ ನಿಮಿಷ. ನ್ಯೂಯಾರ್ಕಿನಿಂದ ವರ್ಮಾಂಟಿನ ವುಡ್‌ಸ್ಟಾಕ್ ಪಟ್ಟಣಕ್ಕೆ ಬಂದಿಳಿದ ಕೆಲವು ಮಂದಿ, ರಜೆಯೆಲ್ಲ ಹತ್ತುವುದರಲ್ಲೇ ಕಳೆಯಿತೆಂದು ತಾವು ತಂಗಿದ್ದ ವಸತಿಗೃಹದ ದಂಪತಿಗಳೊಡನೆ ಗೊಣಗಿದರಂತೆ. ಕೆನಡಾ ದೇಶದಲ್ಲಿ ಮೋಟಾರಿನಿಂದ ಹಗ್ಗ ಎಳೆಯಿಸಿ ಜನರನ್ನು ಮೇಲೆ ಸಾಗಿಸುತ್ತಾರೆಂಬ ಸುದ್ದಿ ಆ ವೇಳೆಗೆ ಹರಡಿತ್ತು. 1934ರ ಜನವರಿಯಲ್ಲಿ ಗಿಲ್ಬರ್ಟ್ ಎಂಬ ರೈತನ ಹುಲ್ಲುಗಾವಲಿನ ಇಳಿಜಾರಿನಲ್ಲಿ ಅಂಥದೇ ಹಗ್ಗ ಓಡತೊಡಗಿತು. ಅದನ್ನು ಎಳೆದದ್ದು ಫೋರ್ಡ್ ಮಾಡೆಲ್ ಟಿ ಕಾರಿನ ಎಂಜಿನು. ಅಮೆರಿಕ ಸಂಯುಕ್ತ ಸಂಸ್ಥಾನದ ಮೊಟ್ಟಮೊದಲ 'ರೋಪ್ ಟೋ' ಅದೇ.

ಈ ಸಾಧನದ ರಚನೆ ಬಾವಿಯ ರಾಟೆಯಷ್ಟೇ ಸರಳ. ತುದಿಗೆ ತುದಿ ಹೆಣೆದ ಉದ್ದನೆಯ ಹಗ್ಗ. ಗುಡ್ಡದ ಬುಡದಲ್ಲೊಂದು, ನೆತ್ತಿಯಲ್ಲೊಂದು ಗಾಲಿ. ಮರಳುವ ಹಗ್ಗವನ್ನು ಎತ್ತಿ ಹಿಡಿಯಲು ಕಂಬಗಳ ಮೇಲೆ ರಾಟೆಗಳು. ಹಳೆಯ ಕಾರಿನ ಚಕ್ರಗಳೇ ಎಷ್ಟೋ ಕಡೆ ಈ ರಾಟೆಗಳಾದವು. ನಮ್ಮ ಜಾತ್ರೆಯಲ್ಲಿ ನೂರು ಜನ ಹಗ್ಗ ಹಿಡಿದು ಒಂದು ತೇರನ್ನು ಎಳೆಯುತ್ತಾರೆ; ಇಲ್ಲಿ ಒಂದೇ ಹಗ್ಗ ಸಾಲು ಸಾಲಾಗಿ ಜನರನ್ನು ಎಳೆದು ನೆತ್ತಿಗೆ ಮುಟ್ಟಿಸುತ್ತದೆ.

ಆದರೆ ಹಗ್ಗ ಹಿಡಿಯುವುದೂ ಒಂದು ವಿದ್ಯೆ. ಓಡುತ್ತಿರುವ ಹಗ್ಗವನ್ನು ಥಟ್ಟನೆ ಬಿಗಿಹಿಡಿದರೆ ಅದು ಮನುಷ್ಯನನ್ನು ಮುಗ್ಗರಿಸಿ ಕೆಡವುತ್ತದೆ. ಮೊದಲು ಕೈಗವಸಿನೊಳಗೆ ಹಗ್ಗ ಜಾರಲು ಬಿಟ್ಟು, ಮೆಲ್ಲಮೆಲ್ಲನೆ ಹಿಡಿತ ಬಿಗಿಗೊಳಿಸಬೇಕು. ಹಿಮ ಕರಗಿ ತೊಯ್ದರೆ ಹಗ್ಗದ ಭಾರ ಇಮ್ಮಡಿಸಿ, ಎಳೆಯ ಮಕ್ಕಳಿಗೆ ಅದನ್ನು ಎತ್ತುವುದೇ ಕಷ್ಟ. ಆಗ ದೊಡ್ಡವರು ಮುಂದೆ ಹಿಡಿದು ಭಾರ ಹೊರುತ್ತಾರೆ. ಮಗು ಹಿಂದಿನಿಂದ ಹಿಡಿದು ಬರುತ್ತದೆ. ಜೋಲಾಡುವ ಉಣ್ಣೆಯ ಶಾಲು, ಬಿಚ್ಚಿದ ಕೂದಲು ಹಗ್ಗಕ್ಕೆ ಸುತ್ತಿಕೊಂಡರೆ ಅಪಾಯ. ಆದುದರಿಂದ ನೆತ್ತಿಯಲ್ಲೊಂದು ಅಡ್ಡತಂತಿ ಇರುತ್ತದೆ. ಹಗ್ಗ ಬಿಡಲಾಗದೆ ಯಾರಾದರೂ ಅದನ್ನು ತಾಗಿದರೆ ಆ ಕ್ಷಣವೇ ಎಂಜಿನು ನಿಲ್ಲುತ್ತದೆ.

ಕಾಡು ಸೇರಿದ ಗುಡ್ಡಗಳು

ಇಷ್ಟು ಅಲ್ಪವೆಚ್ಚದ ಸಾಧನವಾದುದರಿಂದ ಊರೂರಿಗೂ ಒಂದೊಂದು ಗುಡ್ಡ ಎದ್ದಿತು. ರೈತನ ಹೊಲ, ಶಾಲೆಯ ಹಿಂದಿನ ದಿಣ್ಣೆ ಯಾವುದಾದರೂ ಸಾಕಾಯಿತು. ಆದರೆ ಅವು ಎದ್ದಷ್ಟೇ ವೇಗವಾಗಿ ಅಳಿದವು. ಮುಚ್ಚಿಹೋದ ಇಂಥ ತಾಣಗಳ ಇತಿಹಾಸವನ್ನು ಜೆರೆಮಿ ಡೇವಿಸ್ ಎಂಬವರು 1998ರಿಂದ ಸಂಗ್ರಹಿಸುತ್ತ ಬಂದಿದ್ದಾರೆ. ನ್ಯೂ ಇಂಗ್ಲೆಂಡ್ ಎಂದು ಕರೆಯುವ ಆ ಆರು ರಾಜ್ಯಗಳಲ್ಲೇ ಅವರ ಪಟ್ಟಿ 600ನ್ನು ದಾಟಿದೆ!

ಕಾರಣಗಳು ಹಲವು. ದೊಡ್ಡ ಬೆಟ್ಟಗಳಲ್ಲಿ ಕುಳಿತು ಏರುವ ಆಸನಗಳು ಬಂದಮೇಲೆ ಕೈನೋಯಿಸುವ ಹಗ್ಗ ಬೇಡವಾಯಿತು. ಒಳ್ಳೆಯ ಹೆದ್ದಾರಿಗಳಾದಮೇಲೆ ಜನ ದೂರದ ಬೆಟ್ಟಗಳಿಗೆ ಹೋಗತೊಡಗಿದರು. 1973ರ ತೈಲ ಮುಗ್ಗಟ್ಟು, 1979-80ರ ಹಿಮವಿಲ್ಲದ ಚಳಿಗಾಲ ಒಂದರ ಹಿಂದೊಂದು ಪೆಟ್ಟುಗಳಾದವು. ಆ 1980ರಲ್ಲಿ ನೆರೆಯ ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್‌ನಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಿಗೇ ಯಂತ್ರದಿಂದ ಹಿಮ ತಯಾರಿಸಬೇಕಾಯಿತು. ಒಲಿಂಪಿಕ್ ಇತಿಹಾಸದಲ್ಲಿ ಅದೇ ಮೊದಲು.

ಇದಕ್ಕಿಂತ ದೊಡ್ಡ ಪೆಟ್ಟು ನ್ಯಾಯಾಲಯದಿಂದ ಬಂದಿತು. 1974ರಲ್ಲಿ ವರ್ಮಾಂಟಿನ ಒಂದು ದೊಡ್ಡ ಕೇಂದ್ರದಲ್ಲಿ ತರುಣನೊಬ್ಬ ಹಿಮದಡಿಯ ಪೊದೆಗೆ ಸಿಕ್ಕಿ ಬಿದ್ದು ಅಂಗಸ್ವಾಧೀನ ಕಳೆದುಕೊಂಡ. 1977ರಲ್ಲಿ ಅವನಿಗೆ 15 ಲಕ್ಷ ಡಾಲರ್ ಪರಿಹಾರ ದೊರೆಯಿತು. ಮರುವರ್ಷ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆ ತರುಣನಿಗೆ ನ್ಯಾಯ ಸಿಕ್ಕಿತೆಂಬುದೇನೋ ನಿಜ. ಆದರೆ ವಿಮಾ ಕಂಪನಿಗಳು ಬೆದರಿ ಕಂತನ್ನು ವಿಪರೀತವಾಗಿ ಏರಿಸಿದವು. ಆಟದ ಸಹಜ ಅಪಾಯಗಳಿಗೆ ಆಡುವವನೇ ಒಪ್ಪಿರುತ್ತಾನೆಂದು ವರ್ಮಾಂಟ್ ಶಾಸನ ಮಾಡಿತಾದರೂ, ದೊಡ್ಡ ಕಂಪನಿ ತಡೆದುಕೊಂಡ ಹೊರೆಯನ್ನು ಸಣ್ಣ ಗುಡ್ಡ ತಡೆಯುವುದು ಕಷ್ಟವಾಯಿತು.

ಗುಡ್ಡವೊಂದು ಮುಚ್ಚಿದರೆ ಉಳಿಯುವುದೇನು? ಕೊಯ್ಯುವವರಿಲ್ಲದ ಇಳಿಜಾರಿನಲ್ಲಿ ಮೊದಲು ಪೊದೆ, ಬಳಿಕ ಸಸಿ, ಕೆಲವೇ ದಶಕಗಳಲ್ಲಿ ಕಾಡು. ಹುಡುಕುತ್ತ ಹೋದವರಿಗೆ ಮರಗಳ ನಡುವೆ ತುಕ್ಕು ಹಿಡಿದ ಎಂಜಿನೊಂದು, ಕಂಬದ ಮೇಲೆ ನಿಂತುಹೋದ ಚಕ್ರವೊಂದು ಕಾಣಸಿಗುತ್ತದೆ.

ದುಡಿಮೆಯೇ ಬಂಡವಾಳ

ಹಾಗಾದರೆ ಈಸ್ಟ್ ಕಾರಿಂತಿನ ಗುಡ್ಡ ಬದುಕಿದ್ದು ಹೇಗೆ? ಹಣವನ್ನು ಕೊಟ್ಟು ಕೊಳ್ಳಬೇಕಾದುದನ್ನು ಕೈಯಿಂದ ದುಡಿದು ತುಂಬಿಕೊಂಡಿತು ಎಂಬುದೇ ಉತ್ತರ. ಇಂಥ ಗುಡ್ಡಗಳ ಕೆಲಸ ಚಳಿಗಾಲದಲ್ಲಿ ಮೊದಲಾಗುವುದಿಲ್ಲ. ಹಿಮ ಬೀಳುವ ಮುನ್ನವೇ ಹುಲ್ಲು, ಪೊದೆಗಳನ್ನು ಸವರಬೇಕು. ಬುಡ ಬೋಳಾಗಿದ್ದರೆ ತೆಳುವಾದ ಹಿಮದ ಮೇಲೂ ಜಾರಬಹುದು. ಎಂಜಿನನ್ನು ಬಿಚ್ಚಿ ಶುದ್ಧಗೊಳಿಸಬೇಕು. ಸವೆದ ಹಗ್ಗದ ಎಳೆಗಳನ್ನು ಬಿಡಿಸಿ, ಗಂಟು ಕಾಣದಂತೆ ಮತ್ತೆ ಹೆಣೆಯಬೇಕು. ಗಂಟು ಉಬ್ಬಿದರೆ ಗಾಲಿಯ ಮೇಲೆ ಓಡದು, ಕೈಗೂ ಪೆಟ್ಟು. ಹಿಮ ಬಿದ್ದ ರಾತ್ರಿ ಯಾರೋ ಒಬ್ಬರು ಯಂತ್ರವೇರಿ ಅದನ್ನು ತುಳಿದು ಹದಗೊಳಿಸಬೇಕು. ಬೆಳಗಾದರೆ ಬೆಂಕಿಯ ಕೋಣೆಯಲ್ಲಿ ಬಿಸಿಬಿಸಿ ಕೋಕೋ ಸಿದ್ಧವಾಗಬೇಕು.

ಗಾಯಾಳುಗಳನ್ನು ನೋಡಿಕೊಳ್ಳುವ ವ್ಯವಸ್ಥೆಯಲ್ಲೂ ಇದೇ ಪರಂಪರೆ. ತಾನೇ ಸ್ಕೀ ಆಡುವಾಗ ಕಾಲು ಮುರಿದುಕೊಂಡು ನೆರವಿಲ್ಲದೆ ನರಳಿದ್ದ ಚಾರ್ಲ್ಸ್ ಮೈನಟ್ ಡೋಲ್ ಎಂಬಾತ 1938ರಲ್ಲಿ ರಾಷ್ಟ್ರೀಯ ಸ್ಕೀ ಪಹರೆ ದಳವನ್ನು ಕಟ್ಟಿದ. ಪ್ರಥಮಚಿಕಿತ್ಸೆಯಲ್ಲಿ ತರಬೇತು ಪಡೆದ ಅದರ ಸದಸ್ಯರಲ್ಲಿ ಬಹುಪಾಲು ಇಂದಿಗೂ ಸ್ವಯಂಸೇವಕರೇ.

ಈ ಶ್ರಮದ ಫಲ ಟಿಕೆಟ್ಟಿನ ಬೆಲೆಯಲ್ಲಿ ಕಾಣುತ್ತದೆ. ದೊಡ್ಡ ಕೇಂದ್ರಗಳ ದರದ ಒಂದು ಸಣ್ಣ ಪಾಲು ಕೊಟ್ಟರೆ ಮಕ್ಕಳು ದಿನವೆಲ್ಲ ಆಡಬಹುದು. ಸಾಲಿನಲ್ಲಿ ಮಗುವಿನ ಮುಂದೆ ನಿಂತವರು ಶಾಲೆಯ ಉಪಾಧ್ಯಾಯಿನಿಯಾಗಿರಬಹುದು, ಹಿಂದೆ ನಿಂತವರು ಪಕ್ಕದ ಮನೆಯ ರೈತರಾಗಿರಬಹುದು. ಬಿದ್ದ ಮಗುವನ್ನು ಹೆಸರು ಹಿಡಿದು ಕರೆಯುವವರು ಅಲ್ಲಿ ಇದ್ದೇ ಇರುತ್ತಾರೆ.

ಹಿತ್ತಿಲಿನಿಂದ ಒಲಿಂಪಿಕ್ಸಿಗೆ

ಸಣ್ಣ ಗುಡ್ಡದಲ್ಲಿ ಕಲಿತವರು ದೊಡ್ಡದನ್ನು ಸಾಧಿಸಿಯಾರೆ ಎಂಬ ಸಂಶಯಕ್ಕೆ ಉತ್ತರ ಅದೇ ವರ್ಮಾಂಟಿನ ರಿಚ್ಮಂಡ್ ಎಂಬ ಊರಿನಲ್ಲಿದೆ. ಮಿಕಿ ಮತ್ತು ಜಿನಿ ಕಾಕ್ರನ್ ದಂಪತಿಗಳು 1961ರಲ್ಲಿ ತಮ್ಮ ಮನೆಯ ಹಿತ್ತಿಲಿನ ಗುಡ್ಡಕ್ಕೆ ಎಳೆಹಗ್ಗ ಹಾಕಿದರು. ತಮ್ಮ ನಾಲ್ಕು ಮಕ್ಕಳು ಶಾಲೆಯಿಂದ ಬಂದೊಡನೆ ಅಭ್ಯಾಸ ಮಾಡಲೆಂಬುದು ಉದ್ದೇಶ. ನೆರೆಯ ಮಕ್ಕಳೂ ಬಂದರು. ಆ ನಾಲ್ವರೂ ಬೆಳೆದು ಅಮೆರಿಕದ ರಾಷ್ಟ್ರೀಯ ತಂಡ ಸೇರಿದರು. ಅವರಲ್ಲಿ ಬಾರ್ಬರಾ ಆನ್ ಕಾಕ್ರನ್ 1972ರಲ್ಲಿ ಜಪಾನಿನ ಸಪ್ಪೋರೊ ಒಲಿಂಪಿಕ್ಸಿನಲ್ಲಿ ಸ್ಲಾಲಮ್ ಸ್ಪರ್ಧೆಯ ಸ್ವರ್ಣಪದಕ ಗೆದ್ದಳು. ಅಂತರ ಎಷ್ಟು? ಒಂದು ಸೆಕೆಂಡಿನ ನೂರರಲ್ಲಿ ಎರಡು ಪಾಲು! ಐವತ್ತು ವರ್ಷಗಳ ತರುವಾಯ, 2022ರ ಬೀಜಿಂಗ್ ಕ್ರೀಡೆಗಳಲ್ಲಿ ಅವಳ ಮಗ ರಯನ್ ಕಾಕ್ರನ್-ಸೀಗಲ್ ರಜತಪದಕ ಪಡೆದ. ಅವನಿಗೆ ಸ್ವರ್ಣ ತಪ್ಪಿದ್ದು ನೂರರಲ್ಲಿ ನಾಲ್ಕು ಪಾಲಿನಿಂದ.

ಆ ಕುಟುಂಬ ಗುಡ್ಡವನ್ನು ಯಾವುದೋ ಕಂಪನಿಗೆ ಮಾರಿ ಹಣ ಮಾಡಿಕೊಳ್ಳಲಿಲ್ಲ. 1998ರಲ್ಲಿ ಅದನ್ನು ಲಾಭರಹಿತ ಸಂಸ್ಥೆಯಾಗಿ ಮಾರ್ಪಡಿಸಿತು. ಹಣವಿಲ್ಲವೆಂಬ ಕಾರಣಕ್ಕೆ ಯಾವ ಮಗುವೂ ಹಿಂತಿರುಗಬಾರದೆಂಬುದು ಅಲ್ಲಿಯ ನಿಯಮ. ಸ್ವರ್ಣಪದಕ ಗೆದ್ದ ಬಾರ್ಬರಾ ಆನ್ ಅದೇ ಇಳಿಜಾರಿನಲ್ಲಿ, ಇನ್ನೂ ಸರಿಯಾಗಿ ನಿಲ್ಲಲೂ ಬಾರದ ಪುಟಾಣಿಗಳಿಗೆ ಪಾಠ ಹೇಳಿಕೊಟ್ಟಿದ್ದಾಳೆ.

ಮುಂದಿನ ಚಳಿಗಾಲ

ಹೀಗೆಂದಮಾತ್ರಕ್ಕೆ ಈ ಗುಡ್ಡಗಳ ಭವಿಷ್ಯ ನಿಶ್ಚಿಂತವೆಂದಲ್ಲ. ನ್ಯೂ ಇಂಗ್ಲೆಂಡಿನ ಚಳಿಗಾಲ ದಶಕದಿಂದ ದಶಕಕ್ಕೆ ಬೆಚ್ಚಗಾಗುತ್ತಿದೆ. ಹಿಮದ ದಿನಗಳು ಕುಗ್ಗುತ್ತಿವೆ. ಯಂತ್ರದಿಂದ ಹಿಮ ತಯಾರಿಸಲು ನೀರು, ವಿದ್ಯುತ್ತು, ಹಣ ಮೂರೂ ಬೇಕು. ಆಕಾಶವನ್ನೇ ನಂಬಿದ ಗುಡ್ಡಕ್ಕೆ ಒಂದು ಬೆಚ್ಚನೆಯ ವರ್ಷವೆಂದರೆ ಬರಗಾಲ. ಇನ್ನೊಂದು ಕೊರತೆ ಹಿಮದ್ದಲ್ಲ, ಮನುಷ್ಯರದು. ಹಗ್ಗ ಹೆಣೆಯಬಲ್ಲ, ಹಳೆಯ ಎಂಜಿನಿನ ಸದ್ದಿನಿಂದಲೇ ಅದರ ರೋಗ ಹೇಳಬಲ್ಲ ಹಿರಿಯರ ವಿದ್ಯೆ ಪುಸ್ತಕದಲ್ಲಿಲ್ಲ. ಕಿರಿಯನೊಬ್ಬ ಪಕ್ಕದಲ್ಲಿ ನಿಂತು ಕಲಿತರಷ್ಟೇ ಅದು ಉಳಿಯುತ್ತದೆ. ಉದ್ಯೋಗಕ್ಕಾಗಿ ಹಳ್ಳಿ ಬಿಟ್ಟು ನಗರ ಸೇರುವುದು ಅಲ್ಲಿಯೂ ಇದ್ದದ್ದೇ.

ಹಿಮದ ಕೊರತೆಯನ್ನು ನೀಗಿಸುವುದು ಹಳ್ಳಿಯವರ ಕೈಯಲ್ಲಿಲ್ಲ. ಎರಡನೆಯ ಕೊರತೆಯನ್ನು ನೀಗಿಸುವುದು ಅವರ ಕೈಯಲ್ಲೇ ಇದೆ. ಹನಿಗೂಡಿ ಹಳ್ಳವೆಂಬಂತೆ, ಒಬ್ಬರು ಕೊಡುವ ಒಂದು ಶನಿವಾರ, ಇನ್ನೊಬ್ಬರು ಕೊಡುವ ಒಂದು ರಾತ್ರಿ ಕೂಡಿ ಒಂದು ಋತು ನಡೆಯುತ್ತದೆ. ಅಂಥ ಋತುಗಳು ಕೂಡಿ ಈಸ್ಟ್ ಕಾರಿಂತಿನಲ್ಲಿ ಎಂಬತ್ತಕ್ಕೂ ಹೆಚ್ಚು ವರ್ಷಗಳಾಗಿವೆ. ಅಲ್ಲಿ ಹಗ್ಗ ಹಿಡಿಯಲು ಕಲಿತ ಮಗು ಬೆಳೆದು ಒಂದು ದಿನ ಎಂಜಿನಿನ ಬಳಿ ನಿಂತರೆ, ಗುಡ್ಡಕ್ಕೆ ಇನ್ನೊಂದು ತಲೆಮಾರಿನ ಆಯುಷ್ಯ.