ಶೀಸೆಗೆ ಸಿಗದ ಆಮ್ಲಗಳು

ಗಂಧಕ, ಆಮ್ಲಜನಕ ಎರಡೂ ಇರುವ ಆಮ್ಲ ಎಂದೊಡನೆ ನೆನಪಾಗುವುದು ಸಲ್ಫ್ಯೂರಿಕ್ ಆಮ್ಲ. ಬ್ಯಾಟರಿಯಲ್ಲಿ ಇರುವುದು ಅದೇ, ಫಾಸ್ಫೇಟ್ ಗೊಬ್ಬರಕ್ಕೆ ಬೇಕಾದದ್ದೂ ಅದೇ. ಅದರ ಒಂದು ಗಂಧಕ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕ. ಗಂಧಕ ಕಳೆದುಕೊಳ್ಳಬಹುದಾದ ಎಲೆಕ್ಟ್ರಾನುಗಳೆಲ್ಲ ಆಗಲೇ ಆಮ್ಲಜನಕದ ಪಾಲಾಗಿರುತ್ತವೆ. ಹಾಗಾಗಿ ಟ್ಯಾಂಕರುಗಳಲ್ಲಿ ತುಂಬಿ ಊರೂರಿಗೆ ಸಾಗಿಸಿದರೂ ಅದು ಕೆಡುವುದಿಲ್ಲ.

ಈ ಮನೆತನದ ಉಳಿದವರ ಕಥೆ ನನಗೆ ಇನ್ನೂ ಕುತೂಹಲದ್ದು. ಒಂದು ಆಮ್ಲಜನಕ ಕಡಿಮೆಯಾದರೆ ಸಲ್ಫ್ಯೂರಸ್ ಆಮ್ಲ. ಅದನ್ನು ನೀರಿನಿಂದ ಬೇರ್ಪಡಿಸಿ ಶೀಸೆಗೆ ತುಂಬಿದವರಿಲ್ಲ. ಸಲ್ಫರ್ ಡೈಆಕ್ಸೈಡ್ ಅನಿಲ ನೀರಿನಲ್ಲಿ ಕರಗಿದರೂ ಬಹುಪಾಲು ಆಮ್ಲವಾಗದೆ ಅದೇ ಅಣುವಾಗಿ ಉಳಿಯುತ್ತದೆ. ಕಾಯಿಸಿದರೆ ಎದ್ದು ಹೋಗುತ್ತದೆ. ಅದರ ಲವಣಗಳಾದ ಸಲ್ಫೈಟುಗಳು ಮಾತ್ರ ಗಟ್ಟಿ.

ಸಲ್ಫ್ಯೂರಿಕ್ ಆಮ್ಲದ ನಾಲ್ಕು ಆಮ್ಲಜನಕಗಳಲ್ಲಿ ಒಂದರ ಜಾಗಕ್ಕೆ ಗಂಧಕವೇ ಬಂದು ಕೂತರೆ ಥಯೊಸಲ್ಫ್ಯೂರಿಕ್ ಆಮ್ಲ; ಅದರ ಲವಣ ಥಯೊಸಲ್ಫೇಟ್. ಫೋಟೊ ಸ್ಟುಡಿಯೊದವರ 'ಹೈಪೊ' ಇದೇ. ಬೆಳಕು ತಾಗದ ಬೆಳ್ಳಿಯ ಲವಣವನ್ನು ಫಿಲ್ಮಿನಿಂದ ತೊಳೆದು ತೆಗೆಯುವುದು ಇದರ ಕೆಲಸ. ಬೆಳ್ಳಿ ಲವಣ ಇದರಲ್ಲಿ ಕರಗುವುದನ್ನು ಜಾನ್ ಹರ್ಷೆಲ್ 1819ರಲ್ಲೇ ಕಂಡಿದ್ದರು; ಫೋಟೊಗ್ರಫಿಗೆ ಅದು ಒದಗಿದ್ದು 1839ರಲ್ಲಿ. ಹೈಪೊ ದ್ರಾವಣಕ್ಕೆ ಸಾರರಿಕ್ತ ಆಮ್ಲ ಹಾಕಿ ನೋಡಿ: ತಿಳಿಯಾಗಿದ್ದ ದ್ರಾವಣ ಸ್ವಲ್ಪ ಹೊತ್ತಿಗೆ ಹಾಲುಬಣ್ಣಕ್ಕೆ ತಿರುಗಿ ಬೀಕರಿನಡಿಯ ಕಾಗದದ ಮೇಲಿನ ಗುರುತು ಮರೆಯಾಗುತ್ತದೆ. ಥಯೊಸಲ್ಫ್ಯೂರಿಕ್ ಆಮ್ಲ ನೀರಿನಲ್ಲಿ ನಿಲ್ಲಲಾರದೆ ಒಡೆದು ಗಂಧಕ ಹೊರಬೀಳುವುದರ ಗುರುತು ಅದು.

ಎಲ್ಲಕ್ಕಿಂತ ಸಡಿಲವಾದದ್ದು ಡೈಥಯೊನೈಟ್. ಮಂಡ್ಯ ಸೀಮೆಯ ಆಲೆಮನೆಗಳಲ್ಲಿ 'ಹೈಡ್ರೋಸ್' ಎನ್ನುವ ಬಿಳಿ ಪುಡಿ ಇದರ ಸೋಡಿಯಂ ಲವಣ. ಇದರ ಮೂಲ ಆಮ್ಲವನ್ನೂ ಯಾರೂ ಶುದ್ಧವಾಗಿ ಪಡೆದಿಲ್ಲ. ಎರಡು ಸಲ್ಫರ್ ಡೈಆಕ್ಸೈಡ್ ತುಣುಕುಗಳನ್ನು ಗಂಧಕ–ಗಂಧಕದ ಒಂದೇ ಬಂಧ ಹಿಡಿದಿಟ್ಟಿರುತ್ತದೆ. ಸಾಮಾನ್ಯವಾಗಿ ಸುಮಾರು 2.05 ಆಂಗ್‌ಸ್ಟ್ರಾಂ ಉದ್ದವಿರುವ ಈ ಬಂಧ ಇಲ್ಲಿ ಸುಮಾರು 2.39ಕ್ಕೆ ಎಳೆದುಕೊಂಡಿದೆ. ಹಾಗಾಗಿ ಬೇಗ ತುಂಡಾಗುತ್ತದೆ. ತುಂಡುಗಳು ಎದುರಿಗೆ ಸಿಕ್ಕ ಬಣ್ಣದ ಅಣುಗಳಿಗೆ ಎಲೆಕ್ಟ್ರಾನ್ ಕೊಡುತ್ತವೆ, ಬಣ್ಣ ಮಾಯವಾಗುತ್ತದೆ. ಬಟ್ಟೆಗೆ ನೀಲಿ ಹಾಕುವವರು ಇಂಡಿಗೊವನ್ನು ಕರಗಿಸುವುದೂ ಇದರಿಂದಲೇ. ಕರಗಿದಾಗ ಹಳದಿಯಾಗುವ ಇಂಡಿಗೊ, ಬಟ್ಟೆಯನ್ನು ಗಾಳಿಗೆ ಹಿಡಿದೊಡನೆ ಮತ್ತೆ ನೀಲಿಯಾಗುತ್ತದೆ.

ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಹೈಡ್ರೋಸ್ ಬಿದ್ದಾಗಲೂ ಕಂದು ಪಾಕ ಹೀಗೆಯೇ ಹೊಂಬಣ್ಣಕ್ಕೆ ತಿರುಗುತ್ತದೆ; ಬೆಂಕಿಕಡ್ಡಿ ಗೀರಿದಾಗಿನ ಘಾಟು ಏಳುತ್ತದೆ. ಕೊಳೆ ಎಲ್ಲೂ ಹೋಗಿರುವುದಿಲ್ಲ, ಬಣ್ಣವಷ್ಟೇ ಅಡಗಿರುತ್ತದೆ. ದಾಸ್ತಾನಿಟ್ಟ ಬೆಲ್ಲ ಗಾಳಿಯಾಡುತ್ತ ಮತ್ತೆ ಕಪ್ಪಾಗುತ್ತದೆ. ಒಳಗೆ ಉಳಿದ ಸಲ್ಫರ್ ಡೈಆಕ್ಸೈಡ್ ಅತಿಯಾದರೆ ಉಬ್ಬಸದವರಿಗೆ ತೊಂದರೆ. ಕೊಳ್ಳುವವರು ಹಳದಿ ಅಚ್ಚನ್ನೇ ಹುಡುಕುವವರೆಗೆ ಆಲೆಮನೆಯವರನ್ನಷ್ಟೇ ದೂರುವುದು ನ್ಯಾಯವಲ್ಲ. ಕುದಿಯುವ ಹಾಲಿನ ಕೊಳೆಯನ್ನು ನೊರೆಯ ಜೊತೆ ಮೇಲೆತ್ತಲು ಬೆಂಡೆಗಿಡದ ಲೋಳೆ ಸಾಕು. ಆಗ ಬರುವ ಬೆಲ್ಲ ಕಂದು ಬಣ್ಣದ್ದು.