ತಣಿಯುವ ಬಂಡೆಯ ಲೆಕ್ಕ

ಹಂಪಿಯ ವಿರೂಪಾಕ್ಷ ಗುಡಿಯ ಆಚೆ ದಡಕ್ಕೆ, ತುಂಗಭದ್ರೆಯ ಕವಲುಗಳ ನಡುವೆ ಭತ್ತದ ಗದ್ದೆಗಳನ್ನೂ ಕಣಶಿಲೆಯ ಗುಂಡುಗಳನ್ನೂ ಹೊತ್ತು ನಿಂತಿರುವ ವಿರೂಪಾಪುರಗಡ್ಡೆಯಲ್ಲಿ, ಬೇಸಿಗೆಯ ಬಿಸಿಲಿಗೆ ಹಗಲೆಲ್ಲ ಕಾದ ಬಂಡೆಗಳು ಹೊತ್ತು ಮುಳುಗಿದ ಮೇಲೂ ಬಹಳ ಹೊತ್ತು ಝಳ ಬಿಡುತ್ತಿರುತ್ತವೆ. ಉಷ್ಣಗತಿ ವಿಜ್ಞಾನದ ಮೊದಲ ನಿಯಮ ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬೆರಡನ್ನೂ ಈ ಬಂಡೆಗಳಲ್ಲಿಯೇ ಕಾಣಬಹುದು.

ವಸ್ತುವೊಂದಕ್ಕೆ ಬಂದು ಸೇರಿದ ಉಷ್ಣವು, ಅದರ ಆಂತರಿಕ ಶಕ್ತಿಯಲ್ಲಾದ ಹೆಚ್ಚಳ ಮತ್ತು ಅದು ಹೊರಗಿನ ವಸ್ತುಗಳ ಮೇಲೆ ನಡೆಸಿದ ಕೆಲಸ ಇವೆರಡರ ಮೊತ್ತಕ್ಕೆ ಸಮ ಎಂಬುದೇ ಆ ನಿಯಮ; ಆಂತರಿಕ ಶಕ್ತಿಯೆಂದರೆ ವಸ್ತುವಿನ ಕಣಗಳ ಮಿಡುಕಾಟದಲ್ಲಿಯೂ ಪರಸ್ಪರ ಸೆಳೆತದಲ್ಲಿಯೂ ಅಡಗಿರುವ ಶಕ್ತಿ. 1842ರಲ್ಲಿ ಜರ್ಮನಿಯ ವೈದ್ಯ ಮೇಯರ್ ಈ ವಿಚಾರವನ್ನು ಮುಂದಿಟ್ಟರೆ, ಇಂಗ್ಲೆಂಡಿನ ಜೂಲ್ ಇಳಿಯುವ ತೂಕಗಳಿಂದ ನೀರನ್ನು ಕಡೆಸಿ ಅದು ಎಷ್ಟು ಬಿಸಿಯಾಗುತ್ತದೆಂದು ಅಳೆದು ತೋರಿಸಿದನು, 1850ರಲ್ಲಿ ಕ್ಲೌಸಿಯಸ್ ಅದಕ್ಕೆ ಗಣಿತದ ರೂಪ ಕೊಟ್ಟನು. ಈ ಲೆಕ್ಕದಂತೆ ನೀರು ಒಂದು ಡಿಗ್ರಿ ಬಿಸಿಯಾಗಬೇಕಾದರೆ ಸುಮಾರು 427 ಮೀಟರ್ ಎತ್ತರದಿಂದ ಬೀಳಬೇಕು. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನ ಸುಮಾರು 49 ಮೀಟರ್ ಎತ್ತರದಿಂದ ಬಿದ್ದರೆ ಡಿಗ್ರಿಯ ಒಂಬತ್ತನೆಯ ಒಂದು ಪಾಲಿನಷ್ಟು ಮಾತ್ರ.

ಇದೇ ಲೆಕ್ಕವನ್ನು ಗಡ್ಡೆಯ ಬಂಡೆಗೆ ಹಚ್ಚಿದರೆ ಅಚ್ಚರಿಯೊಂದು ಎದುರಾಗುತ್ತದೆ. ಕಣಶಿಲೆ ಒಂದು ಡಿಗ್ರಿ ತಣಿದಾಗ ಪ್ರತಿ ಕಿಲೋಗೆ ಸುಮಾರು 790 ಜೂಲ್ ಶಕ್ತಿ ಹೊರಬೀಳುತ್ತದೆ, ಅಷ್ಟು ಶಕ್ತಿ ಅದೇ ಬಂಡೆಯನ್ನು ಸುಮಾರು 80 ಮೀಟರ್ ಮೇಲಕ್ಕೆತ್ತಲು ಸಾಕು. ಹಾಗಾದರೆ ಬಂಡೆಯೊಂದು ತಾನಾಗಿ ಒಂದು ಡಿಗ್ರಿ ತಣಿದು, ಆ ಶಕ್ತಿಯಿಂದಲೇ ಏಕೆ ಮೇಲೇಳಬಾರದು? ಮೊದಲ ನಿಯಮ ಇದನ್ನು ತಡೆಯುವುದಿಲ್ಲ, ಏಕೆಂದರೆ ಕೂಡುವ ಕಳೆಯುವ ಲೆಕ್ಕ ಸರಿಹೊಂದುತ್ತದೆ. ನಡುರಾತ್ರಿಯಲ್ಲಿ ತಣ್ಣನೆಯ ಗಾಳಿಯಿಂದ ಉಷ್ಣವನ್ನು ಹೀರಿ ಬಂಡೆ ಮತ್ತೆ ಕಾಯುವುದನ್ನೂ ಅದು ತಡೆಯುವುದಿಲ್ಲ. ಶಕ್ತಿ ಎಷ್ಟೆಂದು ಹೇಳುವ ಈ ನಿಯಮ ಅದು ಯಾವ ಕಡೆಗೆ ಹರಿಯುತ್ತದೆಂದು ಹೇಳುವುದಿಲ್ಲ. ಇದು ನಿಯಮದ ತಪ್ಪಲ್ಲ, ಅದರ ಮೇರೆ.

ಮತ್ತೊಂದು ಮೇರೆ ಭತ್ತದ ನಾಡಾದ ಗಂಗಾವತಿಯವರಿಗೆ ಹತ್ತಿರದ್ದು. ಒಂದು ಕಿಲೋ ಭತ್ತದ ಹೊಟ್ಟನ್ನು ಉರಿಸಿದರೆ ಸುಮಾರು 3.5 ಯೂನಿಟ್ ವಿದ್ಯುತ್ತಿಗೆ ಸಮನಾದ ಉಷ್ಣ ಸಿಗುತ್ತದೆ, ಆದರೆ ಬಾಯ್ಲರ್ ಹಬೆಯಿಂದ ತಿರುಗುವ ಚಿಕ್ಕ ಘಟಕಗಳಲ್ಲಿ ಕೈಗೆ ಬರುವ ವಿದ್ಯುತ್ತು ಒಂದು ಯೂನಿಟ್ಟಿಗಿಂತ ಕಡಿಮೆ. ಉಳಿದದ್ದು ನಾಶವಾಗಿಲ್ಲ, ಚಿಮಣಿಯಿಂದಲೂ ತಣಿಸುವ ನೀರಿನಿಂದಲೂ ಹೊರಟುಹೋಗಿದೆ. ಯಂತ್ರ ಎಷ್ಟೇ ಚೊಕ್ಕವಾಗಿದ್ದರೂ, 400 ಡಿಗ್ರಿಯ ಹಬೆಯನ್ನು 40 ಡಿಗ್ರಿಗೆ ಇಳಿಸಿ ದುಡಿಸುವಾಗ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಉಷ್ಣ ಕೆಲಸವಾಗಬಲ್ಲದು. ಈ ಮಿತಿಯ ಸುಳಿವನ್ನು ಫ್ರಾನ್ಸಿನ ಕಾರ್ನೋ 1824ರಲ್ಲಿಯೇ, ಮೊದಲ ನಿಯಮ ರೂಪುಗೊಳ್ಳುವ ಮುಂಚೆಯೇ ಕಂಡಿದ್ದನು. ಅದು ಶಕ್ತಿ ಹರಿಯುವ ದಿಕ್ಕನ್ನೂ ಹೇಳುವ ಎರಡನೆಯ ನಿಯಮವಾಗಿ ಮೈದಳೆದ ಮೇಲಷ್ಟೇ, ಗಡ್ಡೆಯ ಬಂಡೆ ಇರುಳೆಲ್ಲ ತನ್ನ ಕಾವನ್ನು ಆಕಾಶಕ್ಕೆ ಚೆಲ್ಲುತ್ತಲೇ ಹೋಗಿ, ಮರುದಿನದ ಬಿಸಿಲು ಬರುವತನಕ ಅದನ್ನು ಮರಳಿ ಪಡೆಯದಿರುವುದೇಕೆಂದು ವಿಜ್ಞಾನಕ್ಕೆ ವಿವರಿಸಲು ಸಾಧ್ಯವಾಯಿತು.